ಕರಾವಳಿ-ಘಟ್ಟದ ನೆಲದಲ್ಲಿ ಕ್ಯಾಂಪಸ್: ಮೂವತ್ತು ವರ್ಷದ ಪ್ಲಾನ್ ಮಾಡುವ ಬಗೆ

ಯೂನಿವರ್ಸಿಟಿ ಕ್ಯಾಂಪಸ್ಸಿಗೆ ಮಾಸ್ಟರ್ ಪ್ಲಾನ್ ಮಾಡಬೇಕು ಅಂದ ಕೂಡಲೇ ಹೆಚ್ಚಿನವರು ಕಟ್ಟಡಗಳ ಪಟ್ಟಿ ಹಿಡಿದು ಕೂರುತ್ತಾರೆ. ಆಡಳಿತ ಭವನ, ಲೈಬ್ರರಿ, ಲೇಡೀಸ್ ಹಾಸ್ಟೆಲ್, ಆಡಿಟೋರಿಯಂ. ಆಮೇಲೆ ಆರ್ಕಿಟೆಕ್ಟ್ ಬರುತ್ತಾರೆ, ಬಣ್ಣದ ಚಿತ್ರ ತೋರಿಸುತ್ತಾರೆ, ಎಲ್ಲರಿಗೂ ಖುಷಿಯಾಗುತ್ತದೆ. ಬಯಲುಸೀಮೆಯ ಸಪಾಟು ನೆಲದಲ್ಲಿ ಹೀಗೆ ಮಾಡಿದರೂ ಒಂದು ಮಟ್ಟಿಗೆ ನಡೆದುಹೋಗಬಹುದು. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಗುಡ್ಡಗಳಲ್ಲಿ ನಡೆಯುವುದಿಲ್ಲ. ಇಲ್ಲಿ ಮೊದಲು ತೀರ್ಮಾನ ಆಗಬೇಕಾದದ್ದು ಎಲ್ಲಿ ಕಟ್ಟಬಾರದು ಅನ್ನುವುದು. ಎರಡನೆಯದು ನೀರು ಎಲ್ಲಿ ಹರಿಯಬೇಕು. ಮೂರನೆಯದು ಜನ ಎಲ್ಲಿ ನಡೆಯಬೇಕು. ಕಟ್ಟಡದ ಮಾತು ನಾಲ್ಕನೆಯದು.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಉನ್ನತ ಶಿಕ್ಷಣ ಹೊಸದಲ್ಲ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ, ಶಿರಸಿಯಲ್ಲಿ 1985ರಿಂದ ಅರಣ್ಯ ಕಾಲೇಜು ಇದೆ, ಕಾರವಾರದಲ್ಲಿ ಮೆಡಿಕಲ್ ಕಾಲೇಜೂ ಬಂದಿದೆ. ಇನ್ನೂ ಬರುತ್ತವೆ, ಇದ್ದವು ಬೆಳೆಯುತ್ತವೆ. ಹಾಗಾಗಿ ಕಟ್ಟಡ ಸಮಿತಿಯಲ್ಲಿ ಕೂರುವ ಮೇಷ್ಟ್ರುಗಳಿಗೆ, ಇಂಜಿನಿಯರುಗಳಿಗೆ, ಜಾಗ ಕೊಡಲು ಮುಂದೆ ಬರುವ ಟ್ರಸ್ಟಿನವರಿಗೆ ಕೈಯಲ್ಲಿ ಹಿಡಿದುಕೊಳ್ಳಲು ಆಗುವಂತೆ ಇದನ್ನು ಬರೆಯುತ್ತಿದ್ದೇನೆ.

ಜುಲೈಯಲ್ಲಿ ಜಾಗ ನೋಡಿ

ಜಾಗ ನೋಡುವ ಕೆಲಸವನ್ನು ಎಲ್ಲರೂ ಜನವರಿ-ಫೆಬ್ರವರಿಯಲ್ಲಿ ಇಟ್ಟುಕೊಳ್ಳುತ್ತಾರೆ. ಆಗ ಎಲ್ಲ ಗುಡ್ಡವೂ ಚೆಂದ. ನೀವು ಆರ್ದ್ರಾ, ಪುನರ್ವಸು ಮಳೆ ಹೊಡೆಯುವಾಗ ಹೋಗಿ. ಕೊಡೆ, ಕಂಬಳಿಕೊಪ್ಪೆ, ಗಮ್‌ಬೂಟು, ಗೂಟಗಳು, ಬಣ್ಣದ ಡಬ್ಬ ಒಯ್ಯಿರಿ. ನೀರು ಎಲ್ಲಿಂದ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ನೆಲದೊಳಗಿಂದ ಒರತೆಯಾಗಿ ಎದ್ದು ಬರುತ್ತದೆ, ಎಲ್ಲ ಕಡೆ ಗೂಟ ಹೊಡೆಯಿರಿ, ಫೋಟೋ ತೆಗೆಯಿರಿ, ಜಿಪಿಎಸ್ ಗುರುತು ಹಾಕಿಕೊಳ್ಳಿ. ಜೊತೆಗೆ ಆ ಊರಿನ ಒಬ್ಬ ಹಿರಿಯರನ್ನು ಕರೆದುಕೊಂಡು ಹೋಗಿ. ಯಾವ ಹಳ್ಳ ಯಾವ ವರ್ಷ ದಿಕ್ಕು ಬದಲಿಸಿತು, ಯಾವ ಧರೆ (ಗುಡ್ಡದ ಕಡಿದಾದ ಅಂಚು) ಹಿಂದೊಮ್ಮೆ ಜರಿದಿತ್ತು ಅನ್ನುವುದು ಅವರಿಗೆ ಗೊತ್ತಿರುತ್ತದೆ. ಅದು ಯಾವ ಸರ್ವೆ ನಕ್ಷೆಯಲ್ಲೂ ಇರುವುದಿಲ್ಲ.

ಆಮೇಲೆ ಸರ್ವೆ. ಕಟ್ಟುವ ಜಾಗಕ್ಕೆ ಒಂದು ಮೀಟರ್ ಅಂತರದ ಕಾಂಟೂರ್, ಅಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ, ಬೇಕೇ ಬೇಕು, ಅರ್ಧ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಈಗ ಎಲ್ಲರೂ ಡ್ರೋನ್ ಸರ್ವೆ ಅನ್ನುತ್ತಾರೆ. ಬೇಣದಂಥ ಬೋಳು ಜಾಗಕ್ಕೆ ಅದು ಸರಿ. ಆದರೆ ಫೋಟೋ ತೆಗೆಯುವ ಡ್ರೋನಿಗೆ ಮರದ ತಲೆ ಕಾಣುತ್ತದೆ, ಅದರ ಕೆಳಗಿನ ನೆಲ ಕಾಣುವುದಿಲ್ಲ. ಕಾಡು ಇರುವ ಕಡೆ ಟೋಟಲ್ ಸ್ಟೇಷನ್ ಅನ್ನುವ ಸರ್ವೆ ಯಂತ್ರ ಇಟ್ಟು ನಡೆದೇ ಅಳೆಯಬೇಕು. ಅಳೆಯುವಾಗಲೇ ದೊಡ್ಡ ಮರಗಳನ್ನೂ, ಬಾವಿಗಳನ್ನೂ, ಜನ ಓಡಾಡುವ ಕಾಲುದಾರಿಗಳನ್ನೂ, ದೇವರ ಬನ, ಚೌಡಿ ಕಟ್ಟೆ ಇದ್ದರೆ ಅವನ್ನೂ ನಕ್ಷೆಗೆ ಹಾಕಿಸಿ. ಇದಕ್ಕೆ ಖರ್ಚು ಜಾಸ್ತಿ ಬೀಳುತ್ತದೆ. ಬೀಳಲಿ. ಮುಂದಿನ ಮೂವತ್ತು ವರ್ಷ ಇದೇ ನಕ್ಷೆಯ ಮೇಲೆ ಎಲ್ಲ ಗೆರೆ ಎಳೆಯುವುದು.

ಕಟ್ಟಬಾರದ ಜಾಗದ ನಕ್ಷೆ

ಮೊದಲ ಹಾಳೆ ಇದು. ಇದರಲ್ಲಿ ಒಂದೂ ಕಟ್ಟಡ ಇರಬಾರದು. ಕೆಂಪು ಬಣ್ಣದಲ್ಲಿ ಬರೀ ಬೇಡದ ಜಾಗಗಳು.

ಕಡಿದಾದ ಇಳಿಜಾರು ಮೊದಲು. ನಮ್ಮ ಗುಡ್ಡಗಳ ಸ್ವಭಾವ ತಿಳಿದುಕೊಳ್ಳಬೇಕು. ಮೇಲೆ ಗಟ್ಟಿ ಚಿರೆಕಲ್ಲಿನ ಪದರ, ಅದನ್ನು ನೋಡಿ ಬಂಡೆಯೇ ಅಂದುಕೊಳ್ಳುತ್ತೇವೆ. ಕೆಳಗೆ ಹೋದರೆ ಶೇಡಿಯಂಥ ಮೆತ್ತನೆಯ ಮಣ್ಣು. ಮಳೆಗಾಲದಲ್ಲಿ ಚಿರೆಕಲ್ಲಿನ ತೂತು, ಬಿರುಕುಗಳ ಮೂಲಕ ನೀರು ಇಳಿದು ಈ ಮೆತ್ತನೆ ಪದರದಲ್ಲಿ ತುಂಬುತ್ತದೆ. ಮಣ್ಣು ಭಾರವಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ಅಂಥ ಗುಡ್ಡದ ಬುಡವನ್ನು ಜೆಸಿಬಿಯಲ್ಲಿ ನೆಟ್ಟಗೆ ಕಡಿದುಬಿಟ್ಟರೆ ಮೇಲಿನದಕ್ಕೆ ಆಧಾರ ಎಲ್ಲಿಂದ ಬರಬೇಕು? 2009ರ ಅಕ್ಟೋಬರಿನಲ್ಲಿ ಕಾರವಾರದ ಹತ್ತಿರ ಕಡವಾಡದಲ್ಲಿ ಗುಡ್ಡ ಜರಿದು ಮನೆಗಳು ಮುಚ್ಚಿಹೋದವು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ಗಂಗಾವಳಿ ಹೊಳೆಯವರೆಗೂ ಹೋಯಿತು. ಇವೆರಡನ್ನೂ ಕಂಡ ಜಿಲ್ಲೆಯಲ್ಲಿ ನಾಲ್ಕುನೂರು ಮಕ್ಕಳು ಮಲಗುವ ಹಾಸ್ಟೆಲನ್ನು ಕಡಿದ ಧರೆಯ ಬುಡದಲ್ಲಿ ಕಟ್ಟುವ ಧೈರ್ಯ ಯಾರಿಗೂ ಇರಬಾರದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಭೂಕುಸಿತ ಸಾಧ್ಯತೆಯ ನಕ್ಷೆ ಮಾಡಿದ್ದಾರೆ, ತರಿಸಿಕೊಂಡು ನಿಮ್ಮ ನಕ್ಷೆಯ ಮೇಲೆ ಇಡಿ. ಅದು ದೊಡ್ಡ ಪ್ರದೇಶದ ನಕ್ಷೆ, ನಿಮ್ಮ ಹತ್ತು ಎಕರೆಯ ಒಳಗಿನ ಸೂಕ್ಷ್ಮ ಅದಕ್ಕೆ ಗೊತ್ತಾಗುವುದಿಲ್ಲ. ಆದ್ದರಿಂದ ನಿಮ್ಮದೇ ಮಣ್ಣು ಪರೀಕ್ಷೆ ಮಾಡಿಸಿ, ಬೋರ್ ಹೊಡೆಸಿ, ಚಿರೆಪದರ ಎಷ್ಟು ದಪ್ಪ ಇದೆ ಅಂತ ನಾಲ್ಕಾರು ಕಡೆ ನೋಡಿ.

ಎರಡನೆಯದು ಹಳ್ಳ, ಒರತೆ, ಗಜನಿ (ಹೊಳೆ ಬಾಯಿಯ ಹತ್ತಿರ ಉಪ್ಪುನೀರು ನುಗ್ಗುವ ತಗ್ಗು ಗದ್ದೆ). ಹಳ್ಳದ ಎರಡೂ ಬದಿ ಅಗಲವಾದ ಪಟ್ಟಿ ಖಾಲಿ ಬಿಡಿ. ಗಜನಿ ಭೂಮಿಗೆ ಮಣ್ಣು ತುಂಬಿ ಎತ್ತರ ಮಾಡಿ ಕಟ್ಟುತ್ತೇವೆ ಅನ್ನುವವರು ಸಿಗುತ್ತಾರೆ. ಬೇಡ. ಅಲ್ಲಿ ನಿಲ್ಲುತ್ತಿದ್ದ ನೀರು ಪಕ್ಕದವರ ಅಂಗಳಕ್ಕೆ ಹೋಗುತ್ತದೆ.

ಮೂರನೆಯದು ಕಾನೂನಿನ ಗೆರೆಗಳು. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಂದರೆ ಬೀಚಿನ ಪಕ್ಕ ಮಾತ್ರ ಅಂದುಕೊಳ್ಳಬೇಡಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಈ ಹೊಳೆಗಳಲ್ಲಿ ಭರತದ ಉಪ್ಪುನೀರು ಎಲ್ಲಿವರೆಗೆ ಏರುತ್ತದೋ ಅಲ್ಲಿವರೆಗೂ ಗೆರೆ ಹೋಗುತ್ತದೆ. ವರ್ಷದ ಅತಿ ಒಣ ಕಾಲದಲ್ಲಿ ಲೀಟರಿಗೆ 5 ಗ್ರಾಂ ಉಪ್ಪು ಇರುವಷ್ಟು ದೂರ ಅನ್ನುವುದು ಅದರ ಅಳತೆ. ಸಮುದ್ರವೇ ಕಾಣದ ಜಾಗವೂ ಇದರೊಳಗೆ ಬರಬಹುದು. ಇನ್ನು ಅರಣ್ಯ. ನಮ್ಮ ಜಿಲ್ಲೆಯ ಮುಕ್ಕಾಲಿಗಿಂತ ಜಾಸ್ತಿ ಭಾಗ ಅರಣ್ಯವೇ. ಪಹಣಿಯಲ್ಲಿ ಏನೇ ಬರೆದಿರಲಿ, ಹದ್ದುಬಸ್ತು ಮಾಡಿಸಿ ಅರಣ್ಯ ಇಲಾಖೆಯವರ ಗುರುತಿನ ಜೊತೆ ತಾಳೆ ನೋಡದೆ ಒಂದು ಗುದ್ದಲಿಯನ್ನೂ ಹಾಕಬೇಡಿ. 1980ರ ಅರಣ್ಯ ಕಾಯ್ದೆ ಪ್ರಕಾರ ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಬಳಸಲು ಕೇಂದ್ರದ ಒಪ್ಪಿಗೆ ಬೇಕು, ಅದು ವರ್ಷಗಟ್ಟಲೆ ಹಿಡಿಯುವ ಕೆಲಸ. ಶಿರಸಿ ಕಡೆ ಸೊಪ್ಪಿನ ಬೆಟ್ಟದ ವಿಚಾರ ಬೇರೆಯೇ ಇದೆ. ಅಡಿಕೆ ತೋಟದವರಿಗೆ ಅಲ್ಲಿ ತೋಟಕ್ಕೆ ಸೊಪ್ಪು ತರುವ ಹಕ್ಕು ಇರುತ್ತದೆ, ಕಾಗದದಲ್ಲಿ ಸರ್ಕಾರಿ ಜಾಗ ಅಂತ ಕಂಡರೂ. ಇನ್ನು 20,000 ಚದರ ಮೀಟರಿಗಿಂತ ಜಾಸ್ತಿ ಕಟ್ಟುವುದಾದರೆ ಪರಿಸರ ಅನುಮತಿಯ ಪ್ರಶ್ನೆ ಬರುತ್ತದೆ. ಶಿಕ್ಷಣ ಸಂಸ್ಥೆಗಳ ಮಟ್ಟಿಗೆ ಈ ನಿಯಮ ಹಲವು ಸಲ ಬದಲಾಗಿದೆ, ಆಯಾ ಹೊತ್ತಿನ ಸ್ಥಿತಿ ವಿಚಾರಿಸಿಕೊಳ್ಳಿ.

ಕೆಂಪು ಬಳಿದ ಮೇಲೆ ನೂರು ಎಕರೆಯಲ್ಲಿ ಮೂವತ್ತೋ ನಲವತ್ತೋ ಎಕರೆ ಉಳಿದೀತು. ಕೆಲವರಿಗೆ ನಿರಾಸೆಯಾಗುತ್ತದೆ. ಆದರೆ ನಿಮ್ಮ ನಿಜವಾದ ಜಾಗ ಅಷ್ಟೇ. ಅದನ್ನು ಮೊದಲೇ ತಿಳಿದುಕೊಂಡರೆ ಉಳಿದ ಅರವತ್ತು ಎಕರೆ ಕಾಡಾಗಿ, ಕೆರೆಯಾಗಿ, ಪಾಠದ ಜಾಗವಾಗಿ ಉಳಿಯುತ್ತದೆ.

ಅಕ್ಕಪಕ್ಕದವರ ಜೊತೆ ಮಾತು

ಈ ಜಿಲ್ಲೆಯ ಜನ ಜಾಗ ಬಿಟ್ಟುಕೊಟ್ಟಿದ್ದು ಒಂದೆರಡು ಸಲವಲ್ಲ. ಕಾಳಿ ಅಣೆಕಟ್ಟುಗಳಿಗೆ, ಕೈಗಾ ಅಣುಸ್ಥಾವರಕ್ಕೆ, ಸೀಬರ್ಡ್ ನೌಕಾನೆಲೆಗೆ, ರೈಲಿಗೆ, ಹೆದ್ದಾರಿಗೆ ಕೊಟ್ಟಿದ್ದಾರೆ. ಹಾಗಾಗಿ ಪಾಗಾರ (ಕಾಂಪೌಂಡ್ ಗೋಡೆ) ಎತ್ತುವ ಮೊದಲು ಮಾತಾಡಿ. ಸೌದೆಗೆ, ಸೊಪ್ಪಿಗೆ, ದನ ಮೇಯಿಸಲು, ದೇವರಿಗೆ ಅಂತ ಯಾವ ದಾರಿಯಲ್ಲಿ ಹೋಗುತ್ತಾರೆ ಕೇಳಿ, ಆ ದಾರಿಯನ್ನು ಪ್ಲಾನಿನಲ್ಲಿ ಉಳಿಸಿ. ಪಾಗಾರ ಎಲ್ಲ ಸುತ್ತ ಬೇಕೇ ಅಂತಲೂ ಯೋಚಿಸಿ, ಹಾಸ್ಟೆಲ್ ಮತ್ತು ಲ್ಯಾಬುಗಳ ಸುತ್ತ ಇದ್ದರೆ ಸಾಕಾಗಬಹುದು.

ಶಿರಸಿ, ಸಿದ್ದಾಪುರದ ಕಡೆ ಇನ್ನೊಂದು ಮಾತು ಇದೆ. ಅಲ್ಲಿ ಕ್ಯಾಂಪಸ್ಸಿಗೆ ಸಿಗುವುದು ಗುಡ್ಡ, ಅಡಿಕೆ ತೋಟ ಇರುವುದು ಕೆಳಗಿನ ಕಣಿವೆಯಲ್ಲಿ. ನಿಮ್ಮ ಗಟಾರದ ನೀರು, ಹಾಸ್ಟೆಲಿನ ಸಂಡಾಸದ ನೀರು, ಕಡಿದ ಮಣ್ಣು, ಎಲ್ಲ ಇಳಿಯುವುದು ಅವರ ತೋಟಕ್ಕೆ. ಅವರು ಕುಡಿಯುವ ಅಬ್ಬಿ ನೀರು ನಿಮ್ಮ ಗುಡ್ಡದ ಹೊಟ್ಟೆಯಿಂದಲೇ ಬರುತ್ತಿರಬಹುದು. ಆ ಅಬ್ಬಿ ಏಪ್ರಿಲಿನಲ್ಲಿ ಎಷ್ಟು ಸುರಿಯುತ್ತದೆ ಅಂತ ಕಟ್ಟುವ ಮೊದಲೇ ಅಳೆದಿಡಿ, ಕಟ್ಟಿದ ಮೇಲೂ ವರ್ಷ ವರ್ಷ ಅಳೆಯಿರಿ. ಒಂದು ಕೊಡ ತುಂಬಲು ಎಷ್ಟು ಸೆಕೆಂಡು ಅಂತ ಬರೆದಿಟ್ಟರೂ ಸಾಕು. ಮರ ಕಡಿಯುವ ಪಟ್ಟಿ ಹಿಡಿದು ಏಕಾಏಕಿ ಹೋಗಬೇಡಿ. 1983ರಲ್ಲಿ ಅಪ್ಪಿಕೋ ಚಳವಳಿ ಶುರುವಾದದ್ದು ಶಿರಸಿಯ ಸಾಲ್ಕಣಿಯಲ್ಲಿ. ಇಲ್ಲಿನವರಿಗೆ ಮರ ಅಂದರೆ ಏನು ಅಂತ ಯಾರೂ ಪಾಠ ಹೇಳಬೇಕಾಗಿಲ್ಲ.

ನೀರಿನ ಲೆಕ್ಕ

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬರುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆದರೂ ಏಪ್ರಿಲ್-ಮೇಯಲ್ಲಿ ಬಾವಿ ತಳ ಕಾಣುತ್ತದೆ, ಹೊಳೆ ಬಾಯಿಯ ಹತ್ತಿರ ಇದ್ದರೆ ಬಾವಿನೀರು ಉಪ್ಪಾಗುತ್ತದೆ, ಟ್ಯಾಂಕರ್ ಬರುತ್ತದೆ. ಹೀಗಾಗಿ ಪೆನ್ನು ಹಿಡಿದು ಕೂರಲೇಬೇಕು.

ಹಾಸ್ಟೆಲಿನಲ್ಲಿ ಇರುವವರಿಗೆ ದಿನಕ್ಕೆ ತಲಾ 135 ಲೀಟರ್, ಬಂದು ಹೋಗುವವರಿಗೆ 45 ಲೀಟರ್ ಅನ್ನುವುದು ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಮಾನ. 500 ಮಕ್ಕಳು ಹಾಸ್ಟೆಲಿನಲ್ಲಿ, 2000 ಮಕ್ಕಳು ಬಸ್ಸಿನಲ್ಲಿ ಬರುವವರು ಅಂತ ಇಟ್ಟುಕೊಳ್ಳಿ. ದಿನಕ್ಕೆ 67,500 ಮತ್ತು 90,000, ಒಟ್ಟು 1,57,500 ಲೀಟರ್. ಫೆಬ್ರವರಿಯಿಂದ ಮೇವರೆಗಿನ 120 ದಿನಕ್ಕೆ 1 ಕೋಟಿ 89 ಲಕ್ಷ ಲೀಟರ್. ಈಗ ಮಾಡಿನ, ಅಂದರೆ ಛಾವಣಿಯ ಲೆಕ್ಕ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 10,000 ಚದರ ಮೀಟರ್ ಮಾಡು, 3000 ಮಿಲಿಮೀಟರ್ ಮಳೆ, ಅದರಲ್ಲಿ ನೂರಕ್ಕೆ 80 ಭಾಗ ಕೈಗೆ ಸಿಕ್ಕಿತು ಅಂದರೆ 2 ಕೋಟಿ 40 ಲಕ್ಷ ಲೀಟರ್. ಅಂದರೆ ಬೇಸಿಗೆಗೆ ಬೇಕಾದದ್ದಕ್ಕಿಂತ ಜಾಸ್ತಿಯೇ ನಿಮ್ಮ ಮಾಡಿನ ಮೇಲೆ ಬೀಳುತ್ತದೆ.

ಇಟ್ಟುಕೊಳ್ಳುವುದು ಎಲ್ಲಿ ಅನ್ನುವುದೇ ಕಷ್ಟ. ಇಷ್ಟು ನೀರಿಗೆ ಸಿಮೆಂಟ್ ಟ್ಯಾಂಕು ಕಟ್ಟಲಾಗುವುದಿಲ್ಲ. ಒಂದು ಹೆಕ್ಟೇರ್ ವಿಸ್ತಾರ, ಎರಡು ಮೀಟರ್ ಆಳದ ಕೆರೆ ಇದ್ದರೆ 2 ಕೋಟಿ ಲೀಟರ್ ಹಿಡಿಯುತ್ತದೆ, ಬಿಸಿಲಿಗೆ ಆರುವುದು, ತಳದಲ್ಲಿ ಇಂಗುವುದು ಎಲ್ಲ ಕಳೆದು ಉಳಿದದ್ದು ನಿಮ್ಮದು. ಆ ಎರಡೂವರೆ ಎಕರೆಯನ್ನು ಮೊದಲ ದಿನವೇ ಕಾದಿರಿಸಿ, ಹತ್ತು ವರ್ಷ ಬಿಟ್ಟು ಹುಡುಕಿದರೆ ಸಿಗುವುದಿಲ್ಲ. ಜಾಗದಲ್ಲಿ ಹಳೆಯ ಚಿರೆಕಲ್ಲು ಕ್ವಾರಿ ಇದ್ದರೆ ಅದೃಷ್ಟ, ತಳ ಸೋರುತ್ತದೋ ಇಲ್ಲವೋ ಒಂದು ಮಳೆಗಾಲ ನೋಡಿ, ಆಮೇಲೆ ತೀರ್ಮಾನ ಮಾಡಿ. ಸ್ನಾನ, ಬಟ್ಟೆ ತೊಳೆದ ನೀರನ್ನು ಶುದ್ಧ ಮಾಡಿ ಸಂಡಾಸಕ್ಕೆ, ಗಿಡಕ್ಕೆ ಬಳಸಿದರೆ ಬೇಡಿಕೆಯೂ ಕಡಿಮೆಯಾಗುತ್ತದೆ. ಅದಕ್ಕೆ ಎರಡು ಬೇರೆ ಪೈಪು ಲೈನು ಬೇಕು, ಕಟ್ಟುವಾಗಲೇ ಹಾಕಬೇಕು.

ಒಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ: ಇಂಗುಗುಂಡಿಯನ್ನು ಧರೆಯ ತಲೆಯ ಮೇಲೆ ತೋಡಬೇಡಿ. ಮಳೆನೀರು ಇಂಗಿಸಿ ಅಂತ ಎಲ್ಲ ಕಡೆ ಹೇಳುತ್ತಾರೆ, ಒಳ್ಳೆಯ ಮಾತು. ಆದರೆ ಕಡಿದಾದ ಇಳಿಜಾರಿನ ಮೇಲ್ಭಾಗದಲ್ಲಿ ಇಂಗಿಸಿದ ನೀರು ಆ ಮೆತ್ತನೆ ಪದರಕ್ಕೇ ಹೋಗುತ್ತದೆ. ಅಂಥ ಕಡೆ ಮಾಡಬೇಕಾದದ್ದು ತದ್ವಿರುದ್ಧ. ಧರೆಯ ಮೇಲೆ ಅಡ್ಡ ಗಟಾರ ತೆಗೆದು ನೀರನ್ನು ಬದಿಗೆ ಸರಿಸಿ, ಕೆಳಗೆ ಸಪಾಟು ಜಾಗಕ್ಕೆ ತಂದು ಅಲ್ಲಿ ಇಂಗಿಸಬೇಕು.

ಹೊಸ ಕಟ್ಟಡ ಕೇಳುವ ಮೊದಲು ಹಳೆ ಕೋಣೆ ಎಣಿಸಿ

ಇದನ್ನು ಯಾರೂ ಮಾಡುವುದಿಲ್ಲ. ಪ್ರತಿ ವಿಭಾಗವೂ ಜಾಗ ಸಾಲುತ್ತಿಲ್ಲ ಅಂತ ಅರ್ಜಿ ಕೊಡುತ್ತದೆ, ಯಾರೂ ಎಣಿಸುವುದಿಲ್ಲ. ಎಣಿಸುವುದು ಸುಲಭ. ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಗಂಟೆ, ಒಟ್ಟು 48 ಗಂಟೆ ಒಂದು ಕೋಣೆ ಲಭ್ಯ. ಅದರಲ್ಲಿ ಎಷ್ಟು ಗಂಟೆ ನಿಜವಾಗಿ ಪಾಠ ನಡೆಯಿತು? ಪಾಠ ನಡೆದಾಗ ಎಷ್ಟು ಸೀಟು ತುಂಬಿತ್ತು? 48ರಲ್ಲಿ 24 ಗಂಟೆ ಬಳಸಿ, 60 ಸೀಟಿನ ಕೋಣೆಯಲ್ಲಿ 30 ಮಕ್ಕಳು ಕೂತಿದ್ದರೆ ಅರ್ಧದಲ್ಲಿ ಅರ್ಧ, ಅಂದರೆ ಕಾಲು ಭಾಗ ಮಾತ್ರ ಬಳಕೆ. ಟೈಮ್‌ಟೇಬಲ್ ನಂಬಬೇಡಿ, ಒಂದು ಸಾಮಾನ್ಯ ವಾರ ಆರಿಸಿಕೊಂಡು ವಿದ್ಯಾರ್ಥಿಗಳ ಕೈಯಲ್ಲೇ ಎಣಿಸಿ.

ಎಣಿಸಿದಾಗ ಒಂದು ವಿಷಯ ಗೊತ್ತಾಗಬಹುದು. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಎಲ್ಲ ಕೋಣೆ ತುಂಬಿರುತ್ತವೆ, ಮೂರೂವರೆ ಮೇಲೆ ಎಲ್ಲ ಖಾಲಿ. ಕಾರಣ ಬಸ್ಸು. ಹಳ್ಳಿ ಕಡೆಯ ಕೊನೆ ಬಸ್ಸು ಎಷ್ಟು ಹೊತ್ತಿಗೋ ಕ್ಯಾಂಪಸ್ ಅಷ್ಟು ಹೊತ್ತಿಗೆ ಮುಗಿಯುತ್ತದೆ. ಆಗ ಸಾರಿಗೆ ಸಂಸ್ಥೆಯ ಡಿಪೋ ಮ್ಯಾನೇಜರ್ ಜೊತೆ ಕೂತು ಸಂಜೆ ಎರಡು ಬಸ್ಸಿನ ಸಮಯ ಹೊಂದಿಸಿಕೊಂಡರೆ ಒಂದು ಇಡೀ ಬ್ಲಾಕ್ ಕಟ್ಟುವ ಖರ್ಚು ಉಳಿದೀತು. ಕ್ಯಾಂಪಸ್ ಪ್ಲಾನ್ ಅಂದರೆ ಇದೂ ಸೇರಿತು.

ಮುಂದಿನ ಸಂಖ್ಯೆಯನ್ನು ಅಂದಾಜು ಮಾಡುವಾಗ ಒಂದೇ ಅಂಕಿ ಬರೆಯಬೇಡಿ. ಮೂರು ಬರೆಯಿರಿ: ಹೆಚ್ಚಾದರೆ, ಹೀಗೇ ಇದ್ದರೆ, ಕಡಿಮೆಯಾದರೆ. ಮೂರನೆಯದನ್ನು ಬರೆಯಲು ಎಲ್ಲರಿಗೂ ಹಿಂಜರಿಕೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ ಮಕ್ಕಳು 1.7 ಮಾತ್ರ. ಮೇಲಾಗಿ ನಮ್ಮ ಹುಡುಗರು ಹುಬ್ಬಳ್ಳಿ, ಮಂಗಳೂರು, ಬೆಂಗಳೂರು, ಗೋವಾ ಕಡೆ ಹೋಗುತ್ತಲೇ ಇದ್ದಾರೆ. ಮೂವತ್ತು ವರ್ಷದ ಮೇಲೆ ಕ್ಲಾಸ್‌ರೂಮು ಜಾಸ್ತಿಯಾಗಿ, ಲ್ಯಾಬು, ವಯಸ್ಕರ ತರಬೇತಿಗೆ ಜಾಗ ಕಡಿಮೆಯಾಗಬಹುದು. ಹಾಗಾಗಿ ಒಳಗಿನ ಗೋಡೆ ತೆಗೆದು ಬೇರೆ ರೀತಿ ಬಳಸಲು ಬರುವಂಥ ಕಟ್ಟಡ ಕಟ್ಟಿ, ಭಾರ ಕಂಬಗಳ ಮೇಲಿರಲಿ.

ದಾರಿ, ಗಟಾರ, ಮರ

ಕಟ್ಟಡ ಐವತ್ತು ವರ್ಷಕ್ಕೆ ಹಳತಾಗುತ್ತದೆ. ದಾರಿ ಮಾತ್ರ ಒಮ್ಮೆ ಬಿದ್ದರೆ ನೂರು ವರ್ಷ ಅಲ್ಲೇ ಇರುತ್ತದೆ. ಆದ್ದರಿಂದ ದಾರಿಯ ಗೆರೆ ಎಳೆಯುವಾಗ ಅವಸರ ಬೇಡ. ಕಾಂಟೂರ್ ಹಿಡಿದೇ ದಾರಿ ಹೋಗಲಿ, ಗುಡ್ಡ ಸೀಳಿ ನೇರ ಹೋಗುವುದು ಬೇಡ. ಮುಖ್ಯ ಪಾಠದ ಕಟ್ಟಡಗಳು, ಲೈಬ್ರರಿ, ಕ್ಯಾಂಟೀನು ಐದು ನಿಮಿಷದ ನಡಿಗೆಯೊಳಗೆ, ಸುಮಾರು 400 ಮೀಟರ್ ಅಂತರದೊಳಗೆ ಇರಲಿ. ಇವುಗಳ ನಡುವೆ ಮಾಡು ಹೊದಿಸಿದ ದಾರಿ ಮೊದಲ ಹಂತದಲ್ಲೇ ಆಗಲಿ, ನಾಲ್ಕು ತಿಂಗಳು ಮಳೆ ಹೊಯ್ಯುವ ಊರಿದು. ಗಾಲಿಕುರ್ಚಿಯಲ್ಲಿ ಬರುವ ವಿದ್ಯಾರ್ಥಿಗೆ ರ‍್ಯಾಂಪಿನ ಏರು 1:12ಕ್ಕಿಂತ ಜಾಸ್ತಿ ಇರಬಾರದು. ಒಂದು ಮೀಟರ್ ಏರಲು ಹನ್ನೆರಡು ಮೀಟರ್ ಉದ್ದ ಬೇಕು ಅಂತಾಯಿತು. ಕಟ್ಟಡ ಎದ್ದ ಮೇಲೆ ಇಷ್ಟು ಜಾಗ ಎಲ್ಲಿಂದ ತರುತ್ತೀರಿ? ಗುಡ್ಡದ ಕ್ಯಾಂಪಸ್ಸಿನಲ್ಲಿ ಕಟ್ಟಡದ ನೆಲಮಟ್ಟ ತೀರ್ಮಾನಿಸುವಾಗಲೇ ಇದನ್ನು ನೋಡಬೇಕು.

ಹೊರಗಿಂದ ಬರಲು ಎರಡು ದಾರಿ ಇರಲಿ. 2024ರ ಆಗಸ್ಟಿನಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿದ್ದದ್ದು, ಹೆದ್ದಾರಿ ಕುಸಿತದಿಂದ ದಿನಗಟ್ಟಲೆ ಮುಚ್ಚಿದ್ದು ಎಲ್ಲ ನೋಡಿದ್ದೇವೆ. ಅಂಬುಲೆನ್ಸ್ ಬರಲು ಒಂದೇ ರಸ್ತೆ ಅನ್ನುವ ಪರಿಸ್ಥಿತಿ ಬೇಡ.

ದಾರಿಯ ಪಕ್ಕದಲ್ಲೇ ನೀರು, ಒಳಚರಂಡಿ, ಕರೆಂಟು, ಇಂಟರ್ನೆಟ್ ಕೇಬಲಿಗೆ ಪಟ್ಟಿ ಬಿಡಿ. ಮತ್ತು ಮರಗಳನ್ನು ಕಟ್ಟಡಕ್ಕಿಂತ ಮೊದಲು ನೆಡಿ. ಕಟ್ಟಡಕ್ಕೆ ಹಣ ಬರುವಷ್ಟರಲ್ಲಿ ಮರ ನೆರಳು ಕೊಡುತ್ತಿರುತ್ತದೆ. ಅಕೇಶಿಯಾ ಬೇಡ. ಹಲಸು, ಮಾವು, ನೇರಳೆ, ರಂಜಲು, ಸುರಗಿ, ಹೊನ್ನೆ, ಒಳಗಿನ ತಂಪು ಜಾಗಕ್ಕೆ ಮುರುಗಲು, ಉಪ್ಪಾಗೆ. ನಮ್ಮ ನೆಲದ್ದೇ ಇಷ್ಟೊಂದು ಇರುವಾಗ ಅಲಂಕಾರದ ತಾಳೆಗಿಡಕ್ಕೆ ದುಡ್ಡು ಯಾಕೆ?

ಕಡಲಗಾಳಿ ತಾಳುವ ಕಟ್ಟಡ

ಕರಾವಳಿಯಲ್ಲಿ ಆರ್‌ಸಿಸಿ ಕಟ್ಟಡ ಹಾಳಾಗುವುದು ಒಳಗಿನ ಕಬ್ಬಿಣ ತುಕ್ಕು ಹಿಡಿದು. ಗಾಳಿಯ ಉಪ್ಪು ಕಾಂಕ್ರೀಟಿನೊಳಗೆ ಮೆಲ್ಲಗೆ ಇಳಿಯುತ್ತದೆ, ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಹೊರಗಿನ ಕಾಂಕ್ರೀಟು ಹಕ್ಕಳೆ ಹಕ್ಕಳೆಯಾಗಿ ಉದುರುತ್ತದೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಕರಾವಳಿ ವಾತಾವರಣಕ್ಕೆ ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟ್, ಸರಳಿನ ಮೇಲೆ 45 ಮಿಲಿಮೀಟರ್ ಕವರ್, ಅಂದರೆ ಅಷ್ಟು ದಪ್ಪ ಕಾಂಕ್ರೀಟಿನ ಹೊದಿಕೆ ಬೇಕು. ಅಲೆಯ ನೀರು ಸಿಡಿದು ನೇರ ತಾಗುವ ಕಡೆ ಎಂ35 ಮತ್ತು 50 ಮಿಲಿಮೀಟರ್. ಒಳನಾಡಿನ ಮಾದರಿ ಎಸ್ಟಿಮೇಟನ್ನೇ ಇಲ್ಲಿಗೂ ತಂದು ಟೆಂಡರ್ ಕರೆದರೆ ಇದು ತಪ್ಪಿಹೋಗುತ್ತದೆ. ಟೆಂಡರಿಗೆ ಹೋಗುವ ಮೊದಲು ಈ ಎರಡು ಅಂಕಿಯನ್ನು ನೀವೇ ಕಣ್ಣಿಟ್ಟು ನೋಡಿ.

ನೀರಿನದೂ ಇದೆ. ಆರ್‌ಸಿಸಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಮಿಗಿಂತ ಜಾಸ್ತಿ ಇರಬಾರದು. ನಮ್ಮಲ್ಲಿ ಕೆಲಸ ಭರದಿಂದ ನಡೆಯುವುದು ಏಪ್ರಿಲ್-ಮೇಯಲ್ಲಿ, ಬಾವಿ ಉಪ್ಪಾಗುವುದೂ ಆಗಲೇ. ಫೆಬ್ರವರಿಯಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ ಸುಮ್ಮನಾಗಬೇಡಿ, ಮೇವರೆಗೆ ಆಗಾಗ ಮಾಡಿಸಿ.

ಮಾಡು ಇಳಿಜಾರಾಗಿಯೇ ಇರಲಿ. ಸಪಾಟು ಸ್ಲ್ಯಾಬು ಹಾಕುವುದು, ಐದಾರು ಮಳೆಗಾಲಕ್ಕೆ ಸೋರುವುದು, ಆಮೇಲೆ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸುವುದು, ಕರಾವಳಿಯ ಯಾವ ಊರಿಗೆ ಹೋದರೂ ಇದೇ ಕಾಣುತ್ತದೆ ಅಲ್ವಾ? ಆ ಎರಡನೇ ಖರ್ಚನ್ನು ಮೊದಲೇ ಎಸ್ಟಿಮೇಟಿಗೆ ಸೇರಿಸಿ, ಅಗಲವಾದ ಸೂರು ಬಿಡಿಸಿ. ಮಳೆ ಹೊಡೆಯುವುದು ಪಶ್ಚಿಮ ಮತ್ತು ನೈಋತ್ಯದಿಂದ. ಆ ಕಡೆ ಜಗಲಿ, ಮೆಟ್ಟಿಲು, ಸ್ಟೋರ್ ರೂಮು ಇರಲಿ, ಪಾಠದ ಕೋಣೆಯ ಕಿಟಕಿಗಳು ಉತ್ತರ-ದಕ್ಷಿಣಕ್ಕೆ. ನೆಲಮಾಳಿಗೆ ಬೇಡವೇ ಬೇಡ. ಲೈಬ್ರರಿ, ಸರ್ವರ್ ರೂಮು, ಪರೀಕ್ಷಾ ವಿಭಾಗದ ದಾಖಲೆಗಳು ಮೊದಲ ಮಹಡಿಯಲ್ಲಿ ಇರಲಿ, ಗಾಳಿಯಾಡಲಿ. ಶಿರಸಿ ಕಡೆ ಉಪ್ಪಿನ ಕಾಟ ಇಲ್ಲ, ಬೂಸ್ಟಿನ ಕಾಟ ಜಾಸ್ತಿ, ಅಲ್ಲಿ ಪುಸ್ತಕಕ್ಕೆ ಇನ್ನೂ ಕಾಳಜಿ ಬೇಕು.

ಹಣ ಬರುವ ತಿಂಗಳು, ಕೆಲಸದ ತಿಂಗಳು

ಅನುದಾನ ಆರ್ಥಿಕ ವರ್ಷದ ಕೊನೆಗೆ ಬರುತ್ತದೆ. ಮಾರ್ಚ್ ಒಳಗೆ ಖರ್ಚು ಮಾಡಿ ಅನ್ನುತ್ತಾರೆ. ಉನ್ನತ ಶಿಕ್ಷಣಕ್ಕೆ ಕೇಂದ್ರದ ಅನುದಾನ ಯೋಜನೆಯಾಗಿ ರೂಸಾ ಇದ್ದಾಗಲೂ, 2023ರಲ್ಲಿ ಅದರ ಜಾಗಕ್ಕೆ ಪಿಎಂ-ಉಷಾ ಬಂದ ಮೇಲೂ, ಪ್ರಸ್ತಾವ ಕಳಿಸಿ ಅಂತ ಪತ್ರ ಬಂದಾಗ ಸಮಯ ಕಡಿಮೆ ಇರುತ್ತದೆ. ಪ್ಲಾನ್ ಸಿದ್ಧವಿದ್ದ ಸಂಸ್ಥೆಗೆ ಆಗ ಏನು ಕೇಳಬೇಕು, ಎಲ್ಲಿ ಕಟ್ಟಬೇಕು ಅಂತ ಗೊತ್ತಿರುತ್ತದೆ. ಪ್ಲಾನ್ ಇಲ್ಲದವರು ರಸ್ತೆ ಪಕ್ಕ ಎಲ್ಲಿ ಖಾಲಿ ಕಂಡಿತೋ ಅಲ್ಲಿ ಕಟ್ಟುತ್ತಾರೆ.

ಕೆಲಸದ ಕ್ಯಾಲೆಂಡರನ್ನು ಮಳೆ ನೋಡಿ ಬರೆಯಿರಿ. ಟೆಂಡರ್ ಮಳೆಗಾಲದಲ್ಲೇ ಮುಗಿಯಲಿ, ದಸರಾ ಕಳೆಯುತ್ತಲೂ ಮಣ್ಣುಕೆಲಸ ಶುರುವಾಗಲಿ. ಮೃಗಶಿರಾ ಮಳೆ ಹಿಡಿಯುವ ಮೊದಲು ಕಡಿದ ಧರೆಗೆಲ್ಲ ಗೋಡೆ ಅಥವಾ ಹುಲ್ಲಿನ ಹೊದಿಕೆ, ಮೇಲೆ ಅಡ್ಡ ಗಟಾರ ಆಗಿರಬೇಕು. ಆಗುವುದಿಲ್ಲ ಅನ್ನಿಸಿದರೆ ಆ ವರ್ಷ ಕಡಿಯಲೇಬೇಡಿ. ಈ ಷರತ್ತನ್ನು ಗುತ್ತಿಗೆ ಕರಾರಿನಲ್ಲೇ ಹಾಕಿ.

ನಿರ್ವಹಣೆಯ ದುಡ್ಡಿಗೂ ಒಂದು ಲೆಕ್ಕ ಇದೆ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 1990ರಲ್ಲಿ ಸರ್ಕಾರಿ ಕಟ್ಟಡಗಳಿಗೆ ಹೇಳಿದ್ದು, ಕಟ್ಟಡವನ್ನು ಈಗ ಹೊಸದಾಗಿ ಕಟ್ಟಲು ಎಷ್ಟಾಗುತ್ತದೋ ಅದರ ಶೇಕಡಾ 2ರಿಂದ 4ರಷ್ಟನ್ನು ವರ್ಷ ವರ್ಷ ರಿಪೇರಿ, ನಿರ್ವಹಣೆಗೆ ಇಡಬೇಕು ಅಂತ. 20 ಕೋಟಿಯ ಕಟ್ಟಡಕ್ಕೆ ವರ್ಷಕ್ಕೆ 40ರಿಂದ 80 ಲಕ್ಷ. ಈ ಮಳೆಯಲ್ಲಿ, ಈ ಉಪ್ಪುಗಾಳಿಯಲ್ಲಿ ಕೆಳಗಿನ ಅಂಕಿಗೆ ನಿಲ್ಲುವುದು ಕಷ್ಟ. ಅಷ್ಟು ಎತ್ತಿಡಲು ಆಗದಿದ್ದರೆ ಹೊಸ ಕಟ್ಟಡ ಚಿಕ್ಕದಾಗಿ ಕಟ್ಟಿ.

ಕುಲಪತಿ ಬದಲಾದರೂ ಪ್ಲಾನ್ ಉಳಿಯಬೇಕು

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕ್ಯಾಂಪಸ್ ನೋಡಿ. ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಕುಲಪತಿಯಾಗಿದ್ದರು. ಅಷ್ಟು ವರ್ಷ ಒಬ್ಬರೇ ನಿಂತು ನೋಡಿಕೊಂಡದ್ದರಿಂದ ಆ ಗುಡ್ಡಕ್ಕೆ ಒಂದು ರೂಪ ಬಂತು. ಈಗ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಕುಲಪತಿಯ ಅವಧಿ ನಾಲ್ಕು ವರ್ಷ. ಮೂವತ್ತು ವರ್ಷದಲ್ಲಿ ಏಳೆಂಟು ಜನ ಬಂದು ಹೋಗುತ್ತಾರೆ. ಪ್ರತಿಯೊಬ್ಬರಿಗೂ ತಮ್ಮ ಕಾಲದಲ್ಲಿ ಏನಾದರೂ ಆಗಲಿ ಅನ್ನುವ ಆಸೆ ಇರುತ್ತದೆ, ಅದು ಸಹಜ. ಹಾಗಾಗಿ ಹಿಂದೆ ವ್ಯಕ್ತಿ ಮಾಡಿದ ಕೆಲಸವನ್ನು ಈಗ ಕಾಗದ ಮಾಡಬೇಕು.

ಪ್ಲಾನನ್ನು ಯೂನಿವರ್ಸಿಟಿಯ ಆಡಳಿತ ಮಂಡಳಿಯಾದ ಸಿಂಡಿಕೇಟಿನಲ್ಲಿ ಇಟ್ಟು ಠರಾವು ಮಾಡಿಸಿ. ಪ್ಲಾನಿನಲ್ಲಿ ಇಲ್ಲದ ಜಾಗದಲ್ಲಿ ಕಟ್ಟಬೇಕಾದರೆ ಕಾರಣ ಬರೆದು, ಕಟ್ಟಬಾರದ ಜಾಗದ ನಕ್ಷೆಯ ಜೊತೆ ಮತ್ತೆ ಸಿಂಡಿಕೇಟಿಗೇ ತರಬೇಕು ಅಂತ ಅದರಲ್ಲೇ ಬರೆಸಿ. ಯೂನಿವರ್ಸಿಟಿ ಇಂಜಿನಿಯರ್ ಆಫೀಸಿನಲ್ಲಿ ಒಬ್ಬ ಕಾಯಂ ನೌಕರರಿಗೆ ಪ್ಲಾನ್ ಕಾಯುವ ಕೆಲಸವನ್ನೇ ವಹಿಸಿ. ಪೈಪು ಎಲ್ಲಿ ಹೋಗಿದೆ, ಕೇಬಲ್ ಎಷ್ಟು ಆಳದಲ್ಲಿದೆ, ಕಟ್ಟಿ ಮುಗಿದ ಮೇಲೆ ನಿಜವಾಗಿ ಹೇಗೆ ಕಟ್ಟಿದೆ ಅನ್ನುವ ನಕ್ಷೆ ಕೊಡದೆ ಗುತ್ತಿಗೆದಾರರಿಗೆ ಕೊನೆ ಬಿಲ್ಲು ಕೊಡಬೇಡಿ. ಸಮಿತಿಯಲ್ಲಿ ಪ್ರೊಫೆಸರುಗಳ ಜೊತೆ ಪ್ಲಂಬರ್, ತೋಟದ ಕೆಲಸದವರು, ಹಾಸ್ಟೆಲ್ ವಾರ್ಡನ್, ಒಬ್ಬ ವಿದ್ಯಾರ್ಥಿನಿ, ಪಕ್ಕದ ಪಂಚಾಯ್ತಿಯ ಒಬ್ಬರು ಇರಲಿ. ಎಲ್ಲಿ ಸೋರುತ್ತದೆ, ಎಲ್ಲಿ ಕತ್ತಲೆಗೆ ನಡೆಯಲು ಭಯವಾಗುತ್ತದೆ ಅನ್ನುವುದು ಇವರಿಗೇ ಗೊತ್ತಿರುವುದು.

ಸಿಂಡಿಕೇಟಿಗೆ ಒಯ್ಯುವಾಗ ದಪ್ಪ ಪುಸ್ತಕ ಬೇಡ, ಯಾರೂ ಓದುವುದಿಲ್ಲ. ಐದು ಹಾಳೆ ಸಾಕು: ಕಟ್ಟಬಾರದ ಜಾಗ, ನೀರು ಮತ್ತು ಗಟಾರ, ದಾರಿ ಮತ್ತು ಮರ, ಹಂತ ಹಂತವಾಗಿ ಕಟ್ಟುವ ಜಾಗಗಳು, ಹಣದ ಲೆಕ್ಕ. ಐದನ್ನೂ ಕನ್ನಡದಲ್ಲಿ ಮಾಡಿಸಿ, ಒಂದು ಪ್ರತಿ ಲೈಬ್ರರಿಯಲ್ಲಿ, ಒಂದು ಪಂಚಾಯ್ತಿ ಕಚೇರಿಯಲ್ಲಿ ಇರಲಿ. ಐದು ವರ್ಷಕ್ಕೊಮ್ಮೆ ಪ್ಲಾನನ್ನು ಮರುಪರಿಶೀಲಿಸಬೇಕು, ಆ ಮೊದಲ ಪರಿಶೀಲನೆಯ ತಾರೀಕನ್ನೂ ಅದೇ ಠರಾವಿನಲ್ಲಿ ಬರೆಸಿ.